ಸರ್ಕಾರಿ ಟೆಂಡರುಗಳಿಗೆ ಪ್ರಸ್ತಾವನೆ ಬರೆಯುವ ಕೆಲಸ: ಕನ್ನಡ ಎಂ.ಎ. ಮಾಡಿದವರು ಒಪ್ಪಿಕೊಳ್ಳಬಹುದೇ?

ಬೆಣ್ಣೆನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಕನ್ನಡದಲ್ಲಿ ಎಂ.ಎ. ಮುಗಿಸಿ, ಐದು ವರ್ಷ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿಯಾಗಿ ಕೆಲಸ ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸವೂ ಇದೆ. ಕಳೆದ ವಾರ ಬೆಂಗಳೂರಿನ ಒಂದು ಸಲಹಾ ಸಂಸ್ಥೆಯವರು ಸಂದರ್ಶನಕ್ಕೆ ಕರೆದಿದ್ದರು. ಕೆರೆ ಪುನಶ್ಚೇತನ, ಒಳಚರಂಡಿ, ಕುಡಿಯುವ ನೀರು ಮೊದಲಾದ ಯೋಜನೆಗಳಿಗೆ ವಿಸ್ತೃತ ಯೋಜನಾ ವರದಿ ತಯಾರಿಸಿಕೊಡುವ ಸಂಸ್ಥೆ ಅದು. ಸರ್ಕಾರಿ ಟೆಂಡರುಗಳಿಗೆ ಪ್ರಸ್ತಾವನೆ ಬರೆಯಲು ಅವರಿಗೆ ಒಬ್ಬರು ಬೇಕಾಗಿದ್ದಾರೆ.

ಸಂದರ್ಶನದಲ್ಲಿ ಸುಮಾರು 140 ಪುಟಗಳ ಒಂದು ಟೆಂಡರ್ ದಾಖಲೆಯನ್ನು ಕೈಗಿತ್ತು, ಒಂದು ಗಂಟೆಯೊಳಗೆ ಓದಿ, ಸಂಸ್ಥೆ ಇದಕ್ಕೆ ಅರ್ಜಿ ಹಾಕಬಹುದೇ ಇಲ್ಲವೇ ಎಂದು ಹೇಳಿ ಎಂದರು. ನಾನು ಮೊದಲ ಪುಟದಿಂದ ಶುರು ಮಾಡಿದೆ. ಗಂಟೆ ಮುಗಿಯುವಾಗ ಮೂವತ್ತನೇ ಪುಟದಲ್ಲಿದ್ದೆ, ಏನನ್ನೂ ಹೇಳಲಾಗಲಿಲ್ಲ. ಆದರೂ ಕೆಲಸಕ್ಕೆ ಸೇರಿ ಎಂದು ಕರೆ ಬಂದಿದೆ.

ನನ್ನ ಸಂದೇಹಗಳು ಮೂರು. ಇದು ನಿಜವಾಗಿ ಬರವಣಿಗೆಯ ಕೆಲಸವೇ, ಅಥವಾ ಕಾಗದಪತ್ರ ಜೋಡಿಸುವ ಕೆಲಸವೇ? ನಾನು ಕಲಿತ ಕನ್ನಡಕ್ಕೆ ಅಲ್ಲಿ ಏನಾದರೂ ಬೆಲೆ ಇದೆಯೇ? ಮೂರನೆಯದನ್ನು ಕೇಳಲು ಸಂಕೋಚವಾಗುತ್ತದೆ. ಟೆಂಡರು ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ನೀನು ಬರೆಯುವುದು ಬರೀ ಕಡತ ತುಂಬಿಸಲು ಎಂದು ನಮ್ಮ ಭಾವ ಹೇಳುತ್ತಾರೆ. ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ತಿಳಿಸಿಕೊಡಿ.

ಎರಡನೇ ಲಕೋಟೆ

ಮೇಡಂ, ನಾನು ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಒಂದು ಕಾಮಗಾರಿ ಗುತ್ತಿಗೆ ಸಂಸ್ಥೆಯಲ್ಲಿ, ಈಗ ಸಲಹಾ ಸೇವೆಯ ಕಡೆಗೆ. ನಿಮ್ಮ ಮೊದಲ ಪ್ರಶ್ನೆಗೆ ಸಂದರ್ಶನದಲ್ಲೇ ಉತ್ತರ ಸಿಕ್ಕಿದೆ. ಇದು ಮೊದಲಿಗೆ ಓದುವ ಕೆಲಸ, ಆಮೇಲೆ ಬರೆಯುವ ಕೆಲಸ. ಟೆಂಡರ್ ದಾಖಲೆಯನ್ನು ಯಾರೂ ಮೊದಲ ಪುಟದಿಂದ ಓದುವುದಿಲ್ಲ. ಮೊದಲು ದಿನಾಂಕಗಳನ್ನು ನೋಡಬೇಕು: ಪ್ರಿ-ಬಿಡ್ ಸಭೆ (ಸಲ್ಲಿಕೆಗೆ ಮುಂಚೆ ಸಂದೇಹ ಕೇಳುವ ಸಭೆ) ಯಾವತ್ತು, ಪ್ರಶ್ನೆ ಕಳುಹಿಸಲು ಕೊನೆಯ ದಿನ ಯಾವುದು, ಸಲ್ಲಿಕೆ ಯಾವ ಗಂಟೆಗೆ ಮುಗಿಯುತ್ತದೆ. ಆಮೇಲೆ ಅರ್ಹತಾ ಮಾನದಂಡ, ಆಮೇಲೆ ಅಂಕ ಹಂಚಿಕೆಯ ಕೋಷ್ಟಕ, ಕೊನೆಯಲ್ಲಿ ಕರಾರಿನ ಕರಡಿನಲ್ಲಿರುವ ಹಣ ಪಾವತಿ ಮತ್ತು ದಂಡದ ಷರತ್ತು. ಇಷ್ಟನ್ನು ನೋಡಲು ಒಂದು ಗಂಟೆ ಧಾರಾಳವಾಗಿ ಸಾಕು. ಅರ್ಹತೆಯಲ್ಲೇ ನಾವು ನಿಲ್ಲುವುದಿಲ್ಲವಾದರೆ ಮಿಕ್ಕ ನೂರು ಪುಟ ಓದುವ ಅಗತ್ಯವೇ ಇರುವುದಿಲ್ಲ.

ಹೆಚ್ಚಿನ ಟೆಂಡರುಗಳು ಎರಡು ಲಕೋಟೆ ಪದ್ಧತಿಯವು. ಮೊದಲನೆಯದರಲ್ಲಿ ಅರ್ಹತೆ ಮತ್ತು ತಾಂತ್ರಿಕ ವಿಷಯ, ಎರಡನೆಯದರಲ್ಲಿ ದರ. ಈಗ ಎಲ್ಲವೂ ಜಾಲತಾಣದ ಮೂಲಕವೇ ನಡೆದರೂ ಲಕೋಟೆ ಎಂಬ ಮಾತು ಉಳಿದುಕೊಂಡಿದೆ. ಮೊದಲ ಲಕೋಟೆಯಲ್ಲಿ ತೇರ್ಗಡೆಯಾಗದವರ ಎರಡನೇ ಲಕೋಟೆ ತೆರೆಯುವುದೇ ಇಲ್ಲ. ತಾಂತ್ರಿಕ ಭಾಗದಲ್ಲಿ ಎಲ್ಲಿಯಾದರೂ ದರದ ಸುಳಿವು ನುಸುಳಿದ್ದರೆ ಇಡೀ ಪ್ರಸ್ತಾವನೆಯೇ ತಿರಸ್ಕೃತವಾಗಬಹುದು.

ಕಾಮಗಾರಿ ಮತ್ತು ಸಾಮಗ್ರಿಗಳ ಟೆಂಡರುಗಳಲ್ಲಿ ಸಾಮಾನ್ಯವಾಗಿ ಅರ್ಹರಾದವರ ಪೈಕಿ ಕಡಿಮೆ ದರದವರಿಗೆ, ನಾವು ಎಲ್1 ಎನ್ನುವವರಿಗೆ, ಕೆಲಸ ಸಿಗುತ್ತದೆ. ಅಲ್ಲಿ ನಿಮ್ಮ ಗದ್ಯಕ್ಕೆ ಅಂಕವಿಲ್ಲ, ದಾಖಲೆ ಸರಿಯಾಗಿದ್ದರೆ ಸಾಕು. ಆದರೆ ನಿಮ್ಮನ್ನು ಕರೆದಿರುವುದು ಸಲಹಾ ಸಂಸ್ಥೆ. ಅಲ್ಲಿ ಹೆಚ್ಚಾಗಿ ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗುವ ಕ್ಯೂಸಿಬಿಎಸ್ ಪದ್ಧತಿ ಇರುತ್ತದೆ, ಅಲ್ಲಿ ಬರವಣಿಗೆಗೆ ನೇರವಾಗಿ ಅಂಕ ಬೀಳುತ್ತದೆ. ಒಂದು ಲೆಕ್ಕ ನೋಡಿ. ನಿಮಗೆ ತಾಂತ್ರಿಕವಾಗಿ 90 ಅಂಕ, ದರ 1.20 ಕೋಟಿ. ಎದುರಾಳಿಗೆ 78 ಅಂಕ, ದರ 1 ಕೋಟಿ. ತಾಂತ್ರಿಕಕ್ಕೂ ದರಕ್ಕೂ ತೂಕ 70:30 ಇದ್ದರೆ ನಿಮ್ಮ ತಾಂತ್ರಿಕ ಪಾಲು 63; ಅತಿ ಕಡಿಮೆ ದರವನ್ನು ನಿಮ್ಮ ದರದಿಂದ ಭಾಗಿಸಿದರೆ ದರದ ಅಂಕ ನೂರಕ್ಕೆ 83.33 ಆಗುವುದರಿಂದ ಅದರ ಪಾಲು 25; ಒಟ್ಟು 88. ಎದುರಾಳಿಗೆ 54.6 ಮತ್ತು 30 ಸೇರಿ 84.6. ಇಪ್ಪತ್ತು ಲಕ್ಷ ಹೆಚ್ಚು ಕೇಳಿಯೂ ಕೆಲಸ ನಿಮ್ಮದಾಗುತ್ತದೆ. ಅದೇ ತೂಕ 30:70 ಆಗಿದ್ದರೆ ನಿಮಗೆ 85.33, ಅವರಿಗೆ 93.4. ಆದ್ದರಿಂದ ಅಂಕದ ಕೋಷ್ಟಕ ನೋಡುವ ಮೊದಲು ಒಂದು ಸಾಲನ್ನೂ ಬರೆಯಬೇಡಿ.

ಬರೆಯುವುದು ಅಂದರೆ ಏನು ಎಂಬುದನ್ನೂ ಹೇಳಬೇಕು. ಒಂದು ಕೆರೆಯ ಯೋಜನಾ ವರದಿಗೆ ಕಾರ್ಯವಿಧಾನದ ಅಧ್ಯಾಯ ಬರೆಯಬೇಕಾಗಿತ್ತು. ನಮ್ಮ ಹಳೆಯ ಕಡತದಲ್ಲಿ ‘ಸಮಗ್ರ ಮತ್ತು ಸುಸ್ಥಿರ ದೃಷ್ಟಿಕೋನ’ ಎಂದು ಶುರುವಾಗುವ ಹನ್ನೆರಡು ಪುಟಗಳಿದ್ದವು. ಯಾವ ಊರಿನ ಯಾವ ಕೆರೆಗೂ ಹೊಂದುವಂಥವು. ಅದನ್ನು ಬದಿಗಿಟ್ಟು ಷರತ್ತುಗಳನ್ನು ಓದಿದಾಗ, ಕಾರ್ಯಾದೇಶ ಜೂನ್ ಹೊತ್ತಿಗೆ ಬರುತ್ತದೆ, ಅವಧಿ ನಾಲ್ಕೇ ತಿಂಗಳು ಎಂದು ತಿಳಿಯಿತು. ಅಂದರೆ ಕೆರೆಯ ಅಂಗಳದ ಅಳತೆ ಮಾಡಬೇಕಾದ ಕಾಲಕ್ಕೆ ಕೆರೆಯಲ್ಲಿ ನೀರು ನಿಂತಿರುತ್ತದೆ, ಟೋಟಲ್ ಸ್ಟೇಷನ್ ಎಂಬ ಭೂಮಾಪನ ಉಪಕರಣ ಹಿಡಿದುಕೊಂಡು ಒಳಗೆ ಇಳಿಯಲಾಗದು. ನಮ್ಮ ಎಂಜಿನಿಯರರ ಜೊತೆ ಕೂತು, ದೋಣಿಯಿಂದ ಎಕೋ ಸೌಂಡರ್ ಬಳಸಿ ಆಳ ಅಳೆಯುವುದು, ಹೂಳಿನ ಮಾದರಿಯನ್ನು ನೀರಿನೊಳಗಿಂದಲೇ ತೆಗೆಯುವುದು, ಮಳೆ ಸುರಿಯುವಾಗಲೇ ಕೋಡಿ ಮತ್ತು ರಾಜಕಾಲುವೆಯ ಹರಿವನ್ನು ಸ್ಥಳದಲ್ಲಿ ನೋಡಿ ದಾಖಲಿಸುವುದು, ಅಚ್ಚುಕಟ್ಟಿನ ಸಮೀಕ್ಷೆಯನ್ನು ಮಳೆ ಬಿಡುವು ಕೊಟ್ಟ ದಿನಗಳಿಗೆ ಇಟ್ಟುಕೊಳ್ಳುವುದು ಎಂದು ವಾರವಾರದ ವೇಳಾಪಟ್ಟಿ ಬರೆದೆವು. ನಾಲ್ಕೇ ಪುಟ. ಕಾರ್ಯವಿಧಾನದ ವಿಭಾಗದಲ್ಲಿ ಅತಿ ಹೆಚ್ಚು ಅಂಕ ನಮಗೆ ಬಂತು. ಉಪಸಂಪಾದಕಿಯಾಗಿದ್ದವರಿಗೆ ಈ ಕಣ್ಣು ಇರುತ್ತದೆ: ಯಾವ ವಾಕ್ಯ ಎಲ್ಲಿಗೂ ಹೊಂದುತ್ತದೋ ಅದು ಎಲ್ಲಿಯೂ ಬೇಡ ಎಂದು ನಿಮಗೆ ಗೊತ್ತಿದೆ.

ಕಾಗದ ಜೋಡಿಸುವ ಕೆಲಸವನ್ನು ಮಾತ್ರ ಕೀಳಾಗಿ ಕಾಣಬೇಡಿ. ನಾನು ಮರೆಯಲಾಗದ ಒಂದು ಸೋಲು ಅದರಿಂದಲೇ ಬಂದದ್ದು. ಟೆಂಡರಿನ ಮಾನ್ಯತಾ ಅವಧಿ 120 ದಿನ, ಇಎಂಡಿಯ, ಅಂದರೆ ಟೆಂಡರಿನ ಜೊತೆ ಇಡುವ ಠೇವಣಿಯ, ಬ್ಯಾಂಕ್ ಗ್ಯಾರಂಟಿ ಅದಕ್ಕಿಂತ 45 ದಿನ ಹೆಚ್ಚು, ಒಟ್ಟು 165 ದಿನ ಊರ್ಜಿತವಾಗಿರಬೇಕು ಎಂದಿತ್ತು. ಲೆಕ್ಕ ಹಾಕಿ ಸರಿಯಾಗಿಯೇ ಮಾಡಿಸಿದ್ದೆ. ಆಮೇಲೆ ಒಂದು ತಿದ್ದೋಲೆ ಬಂದು ಸಲ್ಲಿಕೆಯ ಕೊನೆಯ ದಿನ ಹತ್ತು ದಿನ ಮುಂದಕ್ಕೆ ಹೋಯಿತು. ಸಮಯ ಸಿಕ್ಕಿತೆಂದು ಎಲ್ಲರೂ ಸಮಾಧಾನಪಟ್ಟೆವು. ಗ್ಯಾರಂಟಿಯ ದಿನವೂ ಅದರ ಜೊತೆ ಹತ್ತು ದಿನ ಮುಂದೆ ಹೋಗಬೇಕಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ. ಮೊದಲ ಲಕೋಟೆಯಲ್ಲೇ ಹೊರಬಿದ್ದೆವು. ಆರು ವಾರ ನಾಲ್ಕು ಜನ ದುಡಿದದ್ದು ಅಲ್ಲಿಗೆ ಮುಗಿಯಿತು. ಅಂದಿನಿಂದ ಪ್ರತಿ ತಿದ್ದೋಲೆ ಬಂದಾಗಲೂ, ಅದರಲ್ಲಿ ಒಂದೇ ಸಾಲಿದ್ದರೂ, ಇಡೀ ಪರಿಶೀಲನಾ ಪಟ್ಟಿಯನ್ನು ಮೊದಲಿನಿಂದ ನೋಡುತ್ತೇನೆ.

ನಿವೃತ್ತ ಲೆಕ್ಕಿಗ

ನಾನು ಮೇಜಿನ ಆ ಕಡೆ ಕೂತವನು. ಒಂದು ಇಲಾಖೆಯಲ್ಲಿ ಲೆಕ್ಕಪತ್ರ ಶಾಖೆಯಿಂದ ಟೆಂಡರ್ ಪರಿಶೀಲನಾ ಸಮಿತಿಗೆ ಹಲವು ವರ್ಷ ಹೋಗುತ್ತಿದ್ದೆ, ಈಗ ನಿವೃತ್ತನಾಗಿದ್ದೇನೆ. ನಿಮ್ಮ ಭಾವನವರ ಮಾತಿಗೆ ನಾನು ಉತ್ತರ ಕೊಡಬೇಕಮ್ಮ.

ಅವರು ಹೇಳುವಂಥದ್ದು ಎಲ್ಲೂ ನಡೆಯುವುದಿಲ್ಲ ಎಂದು ನಾನು ಹೇಳಲಾರೆ. ಒಬ್ಬರ ಅಳತೆಗೆ ಹೊಲಿದ ಷರತ್ತುಗಳನ್ನು ನಾನೂ ಕಂಡಿದ್ದೇನೆ, ಎರಡು ಸಲ ಕಡತದಲ್ಲಿ ಆಕ್ಷೇಪವನ್ನೂ ಬರೆದಿದ್ದೇನೆ. ಆದರೆ ಎಲ್ಲ ಟೆಂಡರುಗಳೂ ಹಾಗೆಯೇ ಎಂಬುದು ಸುಳ್ಳು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರದು, ಅದರ ನಿಯಮಗಳು 2000ದವು. ಟೆಂಡರ್ ಯಾರಿಗೆ ಎಂದು ಅಂಗೀಕಾರ ಪ್ರಾಧಿಕಾರ ಆದೇಶ ಮಾಡಿದ ಮೇಲೆ, ಅದರಿಂದ ಬಾಧಿತರಾದ ಟೆಂಡರುದಾರರು 16ನೇ ಪ್ರಕರಣದ ಪ್ರಕಾರ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನಾವು ಒಬ್ಬರನ್ನು ಅನರ್ಹಗೊಳಿಸುವಾಗ ಕಾರಣವನ್ನು ಯೋಚಿಸಿ ಬರೆಯುತ್ತಿದ್ದದ್ದು ಆ ಮೇಲ್ಮನವಿ ಬರಬಹುದೆಂದೇ.

ಷರತ್ತು ಅತಿಯಾಗಿದೆ ಅನ್ನಿಸಿದರೆ ಅದನ್ನು ಕೇಳುವ ಜಾಗ ಪ್ರಿ-ಬಿಡ್ ಸಭೆ. ಅಲ್ಲಿ ಬಾಯಲ್ಲಿ ಹೇಳಿ ಬರುವುದಲ್ಲ, ಲಿಖಿತವಾಗಿ ಕೊಡಬೇಕು. ಉತ್ತರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ‘ಈ ಷರತ್ತು ಅನ್ಯಾಯ’ ಎಂದು ಬರೆದರೆ ಪ್ರಯೋಜನವಿಲ್ಲ. ಅಳತೆಗೋಲು ಮುಂದಿಟ್ಟು ಬರೆಯಿರಿ. ಕಾಮಗಾರಿಗಳ ಪೂರ್ವಾರ್ಹತೆಗೆ ಕೇಂದ್ರ ಜಾಗೃತ ಆಯೋಗ 2002ರ ಡಿಸೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಇಂಥ ಅಳತೆಗೋಲು ಇದೆ. ಕಳೆದ ಏಳು ವರ್ಷಗಳಲ್ಲಿ ಅಂದಾಜು ಮೊತ್ತದ ಶೇ. 40ರಷ್ಟಿರುವ ಮೂರು, ಅಥವಾ ಶೇ. 50ರ ಎರಡು, ಅಥವಾ ಶೇ. 80ರ ಒಂದು ಸಮಾನ ಕಾಮಗಾರಿ ಮುಗಿಸಿರಬೇಕು. ಮೂರು ವರ್ಷದ ಸರಾಸರಿ ವಹಿವಾಟು ಶೇ. 30 ಇರಬೇಕು. ಐದು ಕೋಟಿಯ ಕೆಲಸವಾದರೆ ಎರಡು ಕೋಟಿಯ ಮೂರು, ಎರಡೂವರೆ ಕೋಟಿಯ ಎರಡು, ಇಲ್ಲವೇ ನಾಲ್ಕು ಕೋಟಿಯ ಒಂದು; ವಹಿವಾಟು ಒಂದೂವರೆ ಕೋಟಿ. ಐದು ಕೋಟಿಯ ಕೆಲಸಕ್ಕೆ ಇಪ್ಪತ್ತು ಕೋಟಿ ವಹಿವಾಟು ಕೇಳಿದ್ದರೆ, ಈ ಲೆಕ್ಕವನ್ನು ಎರಡು ಪ್ಯಾರಾದಲ್ಲಿ ಇಟ್ಟು ಕೇಳಿ. ಆ ಸುತ್ತೋಲೆ ಕೇಂದ್ರದ ಸಂಸ್ಥೆಗಳನ್ನು ಉದ್ದೇಶಿಸಿದ್ದು, ರಾಜ್ಯದ ಇಲಾಖೆಯನ್ನು ಅದು ಕಟ್ಟಿಹಾಕುವುದಿಲ್ಲ. ಆದರೂ ಇಂಥ ಪತ್ರ ಬಂದಾಗ ಉತ್ತರ ಬರೆಯಬೇಕಾದ ಅಧಿಕಾರಿ ಕೂತು ಯೋಚಿಸುತ್ತಾನೆ. ಷರತ್ತು ಸಡಿಲವಾದದ್ದನ್ನು ನಾನೇ ನೋಡಿದ್ದೇನೆ.

ಇನ್ನು ನಾವು ನಿಮ್ಮ ಪ್ರಸ್ತಾವನೆಯನ್ನು ಹೇಗೆ ಓದುತ್ತಿದ್ದೆವು ಎಂಬುದನ್ನೂ ತಿಳಿಸುತ್ತೇನೆ. ಒಂದು ಮಧ್ಯಾಹ್ನಕ್ಕೆ ಎಂಟೋ ಒಂಬತ್ತೋ ಸಂಸ್ಥೆಗಳ ದಾಖಲೆ, ಒಂದೊಂದು ಮುನ್ನೂರು ನಾನೂರು ಪುಟ. ನಮ್ಮ ಕೈಯಲ್ಲಿ ಷರತ್ತುಗಳ ತುಲನಾ ಪಟ್ಟಿ. ಷರತ್ತು ಮೂರಕ್ಕೆ ದಾಖಲೆ ಎಲ್ಲಿದೆ ಎಂದು ಹುಡುಕುತ್ತೇವೆ. ಪುಟಸಂಖ್ಯೆ ಕೊಟ್ಟು, ಷರತ್ತಿನ ಕ್ರಮದಲ್ಲೇ ದಾಖಲೆ ಇಟ್ಟವರ ಬಗ್ಗೆ ಮನಸ್ಸು ಅಲ್ಲಿಯೇ ತಿಳಿಯಾಗುತ್ತದೆ. ಲೆಕ್ಕಪರಿಶೋಧಕರ ಪ್ರಮಾಣಪತ್ರದಲ್ಲಿ ಯುಡಿಐಎನ್ ಎಂಬ ಗುರುತಿನ ಸಂಖ್ಯೆ ಇದೆಯೇ, ಅದನ್ನು ಜಾಲತಾಣದಲ್ಲಿ ಹಾಕಿದರೆ ಅದೇ ಅಂಕಿ ಬರುತ್ತದೆಯೇ ಎಂದು ನೋಡುತ್ತೇವೆ. ಸಣ್ಣ ಉದ್ಯಮವೆಂದು ಉದ್ಯಮ್ ನೋಂದಣಿ ತೋರಿಸಿ ಇಎಂಡಿ ವಿನಾಯಿತಿ ಕೇಳಿದವರು ಆ ಸಾಮಗ್ರಿಯನ್ನು ತಾವೇ ತಯಾರಿಸುತ್ತಾರೋ, ಬರೀ ವ್ಯಾಪಾರಿಗಳೋ ಎಂದು ನೋಡುತ್ತೇವೆ. ವ್ಯಾಪಾರಿಗಳಿಗೆ ಆ ವಿನಾಯಿತಿ ಇಲ್ಲ. ಕೊರತೆಯಿದ್ದರೆ ಸ್ಪಷ್ಟೀಕರಣ ಕೇಳಲು ಅವಕಾಶವುಂಟು, ಆದರೆ ಆ ನೆಪದಲ್ಲಿ ದರವನ್ನಾಗಲಿ ಪ್ರಸ್ತಾವನೆಯ ತಿರುಳನ್ನಾಗಲಿ ಬದಲಾಯಿಸಲು ಬಿಡುವುದಿಲ್ಲ.

ಕನ್ನಡದ ಬಗ್ಗೆ ಕೇಳಿದಿರಿ. ಒಂದು ಪ್ರಸಂಗ ಹೇಳುತ್ತೇನೆ. ಒಂದು ಸಂಸ್ಥೆ ತಾಲ್ಲೂಕು ಮಟ್ಟದ ಕಚೇರಿಯೊಂದರಿಂದ ಪಡೆದ ಅನುಭವ ಪ್ರಮಾಣಪತ್ರವನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿತ್ತು. ಮೂಲದಲ್ಲಿ ‘ಕಾಮಗಾರಿಯು ಮುಕ್ತಾಯದ ಹಂತದಲ್ಲಿರುತ್ತದೆ’ ಎಂದಿತ್ತು. ಅನುವಾದದಲ್ಲಿ ಕೆಲಸ ಮುಗಿದಿದೆ ಎಂದಾಗಿತ್ತು. ಸಮಿತಿಯಲ್ಲಿದ್ದ ಬೇರೆ ರಾಜ್ಯದ ಅಧಿಕಾರಿಯೊಬ್ಬರು ಅನುವಾದವನ್ನು ನೋಡಿ ಸರಿ ಎಂದು ಗುರುತು ಹಾಕಿದ್ದರು. ನಾನು ಮೂಲವನ್ನು ಓದಿದೆ. ಬೇಕೆಂದು ಮಾಡಿದ್ದೋ, ಬರೆದವರಿಗೆ ಕಚೇರಿ ಕನ್ನಡ ತಿಳಿಯದೆ ಆದದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಆ ಸಂಸ್ಥೆ ತಪ್ಪು ಮಾಹಿತಿ ಕೊಟ್ಟಿದೆ ಎಂದೇ ದಾಖಲಾಯಿತು. ‘ತೃಪ್ತಿಕರವಾಗಿ ಪೂರ್ಣಗೊಳಿಸಿರುತ್ತಾರೆ’ ಎಂಬ ಎರಡು ಪದಗಳಿಗೆ ಎಷ್ಟು ಬೆಲೆ ಎಂದು ತಿಳಿದವರು, ಪ್ರಮಾಣಪತ್ರ ಕೈಗೆ ಬಂದ ದಿನವೇ ಓದಿ, ಕೊರತೆಯಿದ್ದರೆ ಆ ಕಚೇರಿಗೆ ಹೋಗಿ ಸರಿಯಾದದ್ದನ್ನು ಕೇಳಿ ಪಡೆಯುವವರು, ನಿಮ್ಮಂಥ ಕನ್ನಡ ಬಲ್ಲವರೇ ಆಗಬೇಕು.

ಪೊಟೊಮ್ಯಾಕ್ ದಂಡೆ

ನಾನು ಅಮೆರಿಕದ ವರ್ಜೀನಿಯಾದಲ್ಲಿದ್ದೇನೆ, ಮೂಲತಃ ಶಿವಮೊಗ್ಗದವನು. ಇಲ್ಲಿನ ಫೆಡರಲ್ ಸರ್ಕಾರದ ಗುತ್ತಿಗೆಗಳಿಗೆ ಪ್ರಸ್ತಾವನೆ ಬರೆಯುವ ತಂಡದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಊರು ಬೇರೆಯಾದರೂ ಕೆಲಸದ ಬುಡ ಒಂದೇ ಎಂದು ಮೇಲಿನ ಉತ್ತರಗಳನ್ನು ಓದಿ ಅನ್ನಿಸಿತು.

ಇಲ್ಲಿನ ದೊಡ್ಡ ಟೆಂಡರುಗಳಲ್ಲಿ ‘ಎಲ್’ ಮತ್ತು ‘ಎಂ’ ಎಂಬ ಎರಡು ವಿಭಾಗಗಳಿರುತ್ತವೆ. ಎಲ್ ವಿಭಾಗ ಏನನ್ನು, ಎಷ್ಟು ಪುಟದಲ್ಲಿ, ಯಾವ ಅಕ್ಷರ ಗಾತ್ರದಲ್ಲಿ ಬರೆಯಬೇಕೆಂದು ಹೇಳುತ್ತದೆ. ಎಂ ವಿಭಾಗ ಅದನ್ನು ಹೇಗೆ ಅಳೆಯುತ್ತಾರೆಂದು ಹೇಳುತ್ತದೆ. ನಾವು ಮೊದಲ ದಿನ ಮಾಡುವುದು ಒಂದು ಕೋಷ್ಟಕ. ಷರತ್ತಿನ ಪ್ರತಿ ವಾಕ್ಯಕ್ಕೂ ಒಂದು ಸಾಲು. ಅದಕ್ಕೆ ಉತ್ತರ ಯಾವ ಪುಟದಲ್ಲಿ, ಬರೆಯುವವರು ಯಾರು, ಪುರಾವೆ ಯಾವುದು. ಈ ಕೋಷ್ಟಕವನ್ನು ನೀವು ಬೆಂಗಳೂರಿನಲ್ಲೂ ಮೊದಲ ದಿನದಿಂದಲೇ ಮಾಡಿಕೊಳ್ಳಿ. ಲೆಕ್ಕಿಗರು ಹೇಳಿದ ತುಲನಾ ಪಟ್ಟಿಗೆ ಅದು ಸರಿಯಾಗಿ ಕೂಡುತ್ತದೆ.

ಎರಡನೆಯದು ‘ರೆಡ್ ಟೀಮ್’ ಎಂಬ ಪದ್ಧತಿ. ಸಲ್ಲಿಕೆಗೆ ಕೆಲವು ದಿನ ಮುಂಚೆ, ಬರವಣಿಗೆಯಲ್ಲಿ ಕೈಯಾಡಿಸದ ಸಹೋದ್ಯೋಗಿಗಳು ಮೌಲ್ಯಮಾಪಕರ ಸ್ಥಾನದಲ್ಲಿ ಕೂತು ಇಡೀ ಪ್ರಸ್ತಾವನೆಗೆ ಅಂಕ ಹಾಕುತ್ತಾರೆ. ಅವರ ಟೀಕೆ ಕೇಳುವುದು ಕಷ್ಟ. ಆದರೆ ನಾಲ್ಕು ವಾರ ಅದನ್ನೇ ಓದಿದ ಕಣ್ಣಿಗೆ ಕಾಣದ ಕೊರತೆ ಅವರಿಗೆ ಅರ್ಧ ಗಂಟೆಯಲ್ಲಿ ಕಾಣುತ್ತದೆ. ಸಣ್ಣ ಸಂಸ್ಥೆಯಲ್ಲಿ ಒಬ್ಬರನ್ನಾದರೂ ಇದಕ್ಕೆ ಮೀಸಲಿಡುವಂತೆ ಕೇಳಿ.

ಇಲ್ಲಿ ನನಗೆ ಬಹಳ ಹಿಡಿಸಿದ್ದು ಸೋತವರಿಗೆ ಸಿಗುವ ವಿವರಣೆ. ಗುತ್ತಿಗೆ ಯಾರಿಗೆ ಹೋಯಿತೆಂದು ತಿಳಿಸಿದ ಮೂರು ದಿನದೊಳಗೆ ಬರೆದು ಕೇಳಿದರೆ, ನಮ್ಮ ಪ್ರಸ್ತಾವನೆಯ ಗಂಭೀರ ದೌರ್ಬಲ್ಯಗಳೇನು ಎಂದು ಇಲಾಖೆಯೇ ತಿಳಿಸಬೇಕು. ಅಲ್ಲಿ ಸಿಕ್ಕ ಒಂದೊಂದು ಮಾತನ್ನೂ ಮುಂದಿನ ಪ್ರಸ್ತಾವನೆಗೆ ಬಳಸುತ್ತೇವೆ. ಕರ್ನಾಟಕದಲ್ಲೂ ತಾಂತ್ರಿಕ ಮೌಲ್ಯಮಾಪನದ ಅಂಕಗಳು ಕಾಣಿಸಿದಾಗ, ಗೆದ್ದರೂ ಸೋತರೂ, ಅವನ್ನು ಬರೆದಿಟ್ಟುಕೊಳ್ಳಿ.

ಬೆಣ್ಣೆನಗರಿ

ಮೂವರಿಗೂ ತುಂಬು ಹೃದಯದ ಧನ್ಯವಾದಗಳು. ಕೆರೆಯ ವಿಷಯ ಓದಿ ನಿಜಕ್ಕೂ ಆಸೆ ಹುಟ್ಟಿತು. ಪ್ರಮಾಣಪತ್ರದ ಪ್ರಸಂಗವನ್ನು ಭಾವನವರಿಗೂ ಓದಿ ಹೇಳಿದೆ.

ಇನ್ನೊಂದು ವಿಷಯ ಕೇಳಬೇಕಾಗಿದೆ. ಸಂಸ್ಥೆಯವರೊಂದಿಗೆ ನಿನ್ನೆ ಮತ್ತೆ ಮಾತಾಡಿದೆ. ಈಗ ಕೈಯಲ್ಲಿರುವ ಪ್ರಸ್ತಾವನೆಯಲ್ಲಿ ತಜ್ಞರ ತಂಡಕ್ಕೆ 40 ಅಂಕ ಇದೆಯಂತೆ. ಜಲವಿಜ್ಞಾನಿಯೊಬ್ಬರು ಬೇಕು, ಸಂಸ್ಥೆಯಲ್ಲಿ ಅಂಥವರಿಲ್ಲ. ‘ಹಳೆಯ ಪ್ರಸ್ತಾವನೆಯಲ್ಲಿ ಒಬ್ಬರ ವಿವರ ಇದೆ, ಅದನ್ನೇ ಹಾಕಿ, ಗೆದ್ದ ಮೇಲೆ ನೋಡಿಕೊಳ್ಳೋಣ’ ಎಂದರು. ಅವರು ಈಗ ಎಲ್ಲಿದ್ದಾರೆ ಎಂದೂ ಯಾರಿಗೂ ಗೊತ್ತಿಲ್ಲ. ಇದು ಸಾಮಾನ್ಯವೇ? ಹೊಸಬಳಾಗಿ ನಾನು ಏನು ಮಾಡಬೇಕು?

ಎರಡನೇ ಲಕೋಟೆ

ಸಾಮಾನ್ಯವಾಗಿ ಕೇಳಿಬರುವ ಮಾತು ಹೌದು, ಆದರೆ ಒಪ್ಪಬೇಡಿ. ಸಲಹಾ ಸೇವೆಯ ಟೆಂಡರುಗಳಲ್ಲಿ ತಜ್ಞರ ವಿವರದ ಕೊನೆಗೆ ಒಂದು ಘೋಷಣೆ ಇರುತ್ತದೆ: ಈ ವಿವರಗಳು ಸತ್ಯ, ಈ ಕೆಲಸಕ್ಕೆ ನಾನು ಲಭ್ಯನಿದ್ದೇನೆ ಎಂದು ತಜ್ಞರೇ ಸಹಿ ಮಾಡಬೇಕು. ಹಳೆಯ ಪ್ರಸ್ತಾವನೆಯಿಂದ ಆ ಸಹಿಯನ್ನು ಕತ್ತರಿಸಿ ಅಂಟಿಸಿದರೆ ಅದು ಸುಳ್ಳು ದಾಖಲೆ. ಅದೇ ವ್ಯಕ್ತಿ ಎದುರಾಳಿಯ ಪ್ರಸ್ತಾವನೆಯಲ್ಲೂ ನಿಜವಾದ ಸಹಿಯೊಂದಿಗೆ ಕಾಣಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಹಾಗಾದಾಗ ಹೋಗುವುದು ಆ ಒಂದು ಟೆಂಡರಲ್ಲ. ಸಂಸ್ಥೆ ಕಪ್ಪುಪಟ್ಟಿಗೆ ಸೇರಬಹುದು, ಮತ್ತು ಅದಾದ ಮೇಲೆ ಬೇರೆ ಇಲಾಖೆಗಳ ಟೆಂಡರುಗಳಲ್ಲೂ ‘ನಾವು ಕಪ್ಪುಪಟ್ಟಿಯಲ್ಲಿಲ್ಲ’ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಲಾಗುವುದಿಲ್ಲ.

ನೀವು ಜಗಳವಾಡಬೇಕಿಲ್ಲ. ಸಂಸ್ಥೆಯವರ ಮುಂದೆ ದಾರಿಗಳನ್ನು ಇಡಿ. ಆ ಜಲವಿಜ್ಞಾನಿಯನ್ನು ಹುಡುಕಿ ಮಾತಾಡಿಸುವುದು ಒಂದು. ಹೆಚ್ಚಿನವರು ಹಳೆಯ ಸಹೋದ್ಯೋಗಿಗಳ ಮೂಲಕ ಎರಡು ದಿನದಲ್ಲಿ ಸಿಗುತ್ತಾರೆ. ಎಂಜಿನಿಯರಿಂಗ್ ಕಾಲೇಜಿನಿಂದ ನಿವೃತ್ತರಾದ ಪ್ರಾಧ್ಯಾಪಕರೊಬ್ಬರನ್ನು ಒಪ್ಪಿಸುವುದು ಇನ್ನೊಂದು. ಷರತ್ತಿನಲ್ಲಿ ಜಂಟಿ ಸಹಭಾಗಿತ್ವಕ್ಕೆ ಅವಕಾಶವಿದ್ದರೆ, ಜಲವಿಜ್ಞಾನಿಗಳಿರುವ ಸಂಸ್ಥೆಯೊಂದನ್ನು ಜೊತೆಗೂಡಿಸಿಕೊಳ್ಳಬಹುದು. ಯಾವುದೂ ಆಗದಿದ್ದರೆ ಆ ಹುದ್ದೆಯ ಅಂಕ ಬಿಟ್ಟು ಎಷ್ಟು ಬರುತ್ತದೆ, ಕನಿಷ್ಠ ಅರ್ಹತಾ ಅಂಕ ದಾಟುತ್ತೇವೆಯೇ ಎಂದು ಲೆಕ್ಕ ಹಾಕಿ ತೋರಿಸಿ. ದಾಟದಿದ್ದರೆ ಈ ಟೆಂಡರ್ ಬಿಡೋಣ ಎಂದು ಹೇಳುವುದೂ ನಮ್ಮ ಕೆಲಸದ ಭಾಗ.

ಸೇರಿದ ಮೇಲೆ, ಪ್ರತಿ ಪ್ರಸ್ತಾವನೆಗೂ ಪ್ರತಿ ತಜ್ಞರಿಂದ ಆ ಟೆಂಡರಿನ ಸಂಖ್ಯೆ ನಮೂದಿಸಿದ ಒಪ್ಪಿಗೆಯನ್ನು ಹೊಸದಾಗಿ ಪಡೆಯಿರಿ, ಮಿಂಚಂಚೆಯಲ್ಲಾದರೂ ಸರಿ. ಅದನ್ನು ಆ ಟೆಂಡರಿನ ಕಡತದಲ್ಲೇ ಇಡಿ. ಈಗಿನ ಜಲವಿಜ್ಞಾನಿಯ ವಿಷಯದಲ್ಲಿ ಅವರು ಏನು ತೀರ್ಮಾನ ಮಾಡುತ್ತಾರೆ ಎಂಬುದನ್ನು ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ. ಗೆದ್ದ ಮೇಲೆ ನೋಡಿಕೊಳ್ಳೋಣ ಎಂಬ ಉತ್ತರವೇ ಮತ್ತೆ ಬಂದರೆ ನನಗೆ ಇಲ್ಲಿಯೇ ಖಾಸಗಿ ಸಂದೇಶ ಕಳುಹಿಸಿ. ಓದಲು ಬಲ್ಲ, ಬರೆಯಲು ಬಲ್ಲ ಜನರನ್ನು ಹುಡುಕುತ್ತಿರುವ ಬೇರೆ ಎರಡು ಕಡೆ ನನಗೆ ಗೊತ್ತಿದೆ.

ನಿವೃತ್ತ ಲೆಕ್ಕಿಗ

ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಒಂದನ್ನು ಸೇರಿಸುತ್ತೇನಮ್ಮ. ತಜ್ಞರಿಗೆ ಸಮಿತಿಯಿಂದ ನೇರವಾಗಿ ಫೋನ್ ಮಾಡಿ, ನಿಮ್ಮ ಹೆಸರು ಇಂಥ ಪ್ರಸ್ತಾವನೆಯಲ್ಲಿದೆ, ನಿಮಗೆ ತಿಳಿದಿದೆಯೇ ಎಂದು ನಾನು ಕೇಳಿದ್ದುಂಟು. ಒಬ್ಬರು, ನಾನು ಆ ಸಂಸ್ಥೆ ಬಿಟ್ಟು ಮೂರು ವರ್ಷವಾಯಿತು ಎಂದರು. ಅದನ್ನು ನಡವಳಿಯಲ್ಲಿ ಹಾಗೆಯೇ ಬರೆದೆವು.